ಹಲಸೂರು ಕೆರೆಯ ಮೀನು ಮತ್ತು ಉಸಿರಿನ ಸರಪಳಿ

2016ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಹಲಸೂರು ಕೆರೆಯ ಅಂಚಿನುದ್ದಕ್ಕೂ ಸತ್ತ ಮೀನು. ಒಂದೆರಡಲ್ಲ, ಸಾವಿರಾರು. ಹೊಟ್ಟೆ ಮೇಲೆ ಮಾಡಿಕೊಂಡು, ಕಸಕಡ್ಡಿ ಪ್ಲಾಸ್ಟಿಕ್ಕಿನ ನಡುವೆ ದಡಕ್ಕೆ ಒತ್ತಿಕೊಂಡು ತೇಲುತ್ತಿದ್ದವು. ಪೇಪರಿನಲ್ಲಿ, ಟೀವಿಯಲ್ಲಿ ಎಲ್ಲ ಕಡೆ ಬಂದ ಸುದ್ದಿ ಅದು, ನಿಮಗೂ ನೆನಪಿರಬಹುದು. ಕೆರೆಗೆ ಕೊಳಚೆ ಸೇರಿ ನೀರಿನಲ್ಲಿ ಕರಗಿದ ಆಮ್ಲಜನಕ ಕುಸಿದದ್ದೇ ಕಾರಣ ಅಂತ ಆಗಿನ ವರದಿಗಳು ಹೇಳಿದವು. ನಾಲ್ಕು ದಿನ ಗಲಾಟೆಯಾಯಿತು, ಆಮೇಲೆ ಎಲ್ಲರೂ ಮರೆತೆವು. ನಾನೂ ಮರೆತಿದ್ದೆ.

ಮೊನ್ನೆ ಕೆರೆಯ ಪಕ್ಕ ನಡೆದುಕೊಂಡು ಹೋಗುವಾಗ ಜೊತೆಗಿದ್ದ ನಮ್ಮ ಬೀದಿಯ ಹುಡುಗನಿಗೆ ಈ ಕಥೆ ಹೇಳಿದೆ. ಏಳನೇ ಕ್ಲಾಸು ಅವನು. ತಕ್ಷಣ ಕೇಳಿದ, "ಅಂಕಲ್, ಮೀನು ನೀರಲ್ಲೇ ಇರತ್ತಲ್ಲ, ಅದಕ್ಕೆ ಹೇಗೆ ಉಸಿರು ಕಟ್ಟತ್ತೆ?" ಆಮ್ಲಜನಕ ಕಡಿಮೆಯಾಯ್ತು ಕಣೋ ಅಂದೆ. "ಆಮ್ಲಜನಕ ಇಲ್ಲದಿದ್ರೆ ಯಾಕೆ ಸಾಯಬೇಕು? ಅದು ಒಳಗೆ ಹೋಗಿ ಏನು ಮಾಡತ್ತೆ?" ಅಂದ. ಅಲ್ಲಿಗೆ ನನ್ನ ಬಂಡವಾಳ ಮುಗಿಯಿತು :-)

ಮನೆಗೆ ಬಂದು ಪುಸ್ತಕ ತೆಗೆದು ಕೂತೆ. ಈ ಪ್ರಶ್ನೆಗೆ ಉತ್ತರ ಸಿಗುವುದಕ್ಕೆ ಮನುಷ್ಯರಿಗೆ ಸುಮಾರು 200 ವರ್ಷ ಹಿಡಿದಿದೆ ಅಂತ ಗೊತ್ತಾಯಿತು. ಉತ್ತರದ ಒಂದು ತುಣುಕು ನಮ್ಮ ಬೆಂಗಳೂರಿನಲ್ಲೇ, ಹಲಸೂರಿನಿಂದ ಹತ್ತೇ ಕಿಲೋಮೀಟರ್ ಆಚೆ ಇದೆ ಅನ್ನುವುದೂ ಗೊತ್ತಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

*

ಮೊದಲು ಕೆರೆಯ ವಿಷಯ. 1809ರಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣದ ತಮ್ಮ ಪಡೆಯನ್ನು ಬೆಂಗಳೂರಿಗೆ ತಂದು ಹಲಸೂರಿನ ಆಸುಪಾಸಿನಲ್ಲಿ ನೆಲೆ ಮಾಡಿದರು. ಅದೇ ನಮ್ಮ ಕಂಟೋನ್ಮೆಂಟು, ಹಳೆಯವರ ಬಾಯಲ್ಲಿ 'ದಂಡು'. ಹೆಸರಘಟ್ಟದ ನೀರು 1890ರ ದಶಕದಲ್ಲಿ ಕೊಳವೆಯಲ್ಲಿ ಬರುವ ತನಕ ದಂಡಿನ ಜನ ಕುಡಿದದ್ದು ಹಲಸೂರು ಕೆರೆಯಂಥ ಕೆರೆಗಳ ನೀರನ್ನೇ. ಸಿಪಾಯಿಗಳು ಬಂದರು, ಅವರ ಹಿಂದೆ ಅಂಗಡಿಯವರು, ಅಡುಗೆಯವರು, ಅಗಸರು ಬಂದರು. ಈಗಿನ ಶಿವಾಜಿನಗರ ಆಗ ಬ್ಲ್ಯಾಕ್‌ಪಲ್ಲಿ, ಜನ ಕಿಕ್ಕಿರಿದ ಪೇಟೆ. ಜನ ಹೆಚ್ಚಿದ ಹಾಗೆ ಕೊಳಚೆಯೂ ಹೆಚ್ಚಿತು, ಕಾಲರಾ ಬಂತು. 1895ರಲ್ಲಿ ಇಲ್ಲಿನ ಕಾಲರಾ ಹತೋಟಿಗೆ ಕಳಿಸಿದ್ದು ಯಾರನ್ನು ಗೊತ್ತೇ? ರೊನಾಲ್ಡ್ ರಾಸ್. ಎರಡು ವರ್ಷದ ಮೇಲೆ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡ ಅದೇ ರಾಸ್.

ಅಂದರೆ ಈ ಊರಿನಲ್ಲಿ ಕೆರೆ ಮತ್ತು ಕೊಳಚೆಯ ಜಗಳ ಐಟಿ ಕಂಪನಿಗಳು ಬಂದ ಮೇಲೆ ಶುರುವಾದದ್ದಲ್ಲ. ಇದು ಬಹಳ ಹಳೆಯದು.

*

ಈಗ ಹುಡುಗನ ಪ್ರಶ್ನೆಗೆ ಬರೋಣ. ಆಮ್ಲಜನಕ ಒಳಗೆ ಹೋಗಿ ಏನು ಮಾಡುತ್ತದೆ?

ಫ್ರಾನ್ಸಿನ ಲಾವೋಸಿಯೇ 1780ರ ದಶಕದಲ್ಲಿ ಲಾಪ್ಲಾಸ್ ಜೊತೆ ಸೇರಿ ಒಂದು ಗಿನಿಯಿಲಿಯನ್ನು ಮಂಜುಗಡ್ಡೆ ಸುತ್ತಿದ ಪಾತ್ರೆಯಲ್ಲಿಟ್ಟ. ಎಷ್ಟು ಮಂಜು ಕರಗಿತು, ಇಲಿ ಎಷ್ಟು ಇಂಗಾಲಾಮ್ಲ ಬಿಟ್ಟಿತು ಅಂತ ಅಳೆದ. ಇದ್ದಿಲು ಉರಿದಾಗಲೂ ಲೆಕ್ಕ ಹೆಚ್ಚುಕಡಿಮೆ ಅದೇ ಬಂತು. ಉಸಿರಾಟ ಅಂದರೆ ನಿಧಾನವಾದ ಉರಿ ಅಂತ ತೀರ್ಮಾನಿಸಿದ. ಸರಿ, ಉರಿ. ಆದರೆ ಹೊಗೆ ಇಲ್ಲದೆ, ಮೈ ಸುಡದೆ, 37 ಡಿಗ್ರಿಯಲ್ಲಿ ಉರಿಯುವುದು ಹೇಗೆ? ಎಲ್ಲಿ? ಇದಕ್ಕೆ ಉತ್ತರ ಇನ್ನೂ ನೂರು ವರ್ಷ ಸಿಗಲಿಲ್ಲ.

ಮೊದಲ ಸುಳಿವು ಕೊಟ್ಟದ್ದು ದೊಡ್ಡ ಪ್ರೊಫೆಸರ್ ಅಲ್ಲ. ಚಾರ್ಲ್ಸ್ ಮ್ಯಾಕ್‌ಮನ್ ಅಂತ ಐರಿಶ್ ವೈದ್ಯ, ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ರೋಗಿಗಳನ್ನು ನೋಡಿಕೊಂಡಿದ್ದವರು. ಬಿಡುವಿನಲ್ಲಿ ಬೇರೆ ಬೇರೆ ಪ್ರಾಣಿಗಳ ಮಾಂಸಖಂಡವನ್ನು ರೋಹಿತದರ್ಶಕದಲ್ಲಿ ನೋಡುವ ಹುಚ್ಚು. ಬೆಳಕಿನ ಬಣ್ಣದ ಪಟ್ಟಿಯ ಮೇಲೆ ಅಲ್ಲಲ್ಲಿ ಕಪ್ಪು ಗೆರೆಗಳು ಕಂಡವು. ರಕ್ತದ ಹಿಮೋಗ್ಲೋಬಿನ್ನಿನ ಗೆರೆಗಳಲ್ಲ, ಬೇರೆಯವು. 1880ರ ದಶಕದಲ್ಲಿ ಇದನ್ನು ಬರೆದು ಪ್ರಕಟಿಸಿ, ಇದು ಉಸಿರಾಟಕ್ಕೆ ಸಂಬಂಧಪಟ್ಟ ವರ್ಣವಸ್ತು ಇರಬೇಕು ಅಂದರು. ಜರ್ಮನಿಯ ಹೋಪೆ-ಸೈಲರ್ ಆಗಿನ ಕಾಲದ ಘಟಾನುಘಟಿ. ಇದೆಲ್ಲ ಹಿಮೋಗ್ಲೋಬಿನ್ ಕೆಟ್ಟು ಹುಟ್ಟಿದ್ದಷ್ಟೇ ಅಂತ ಅವರು ತಳ್ಳಿಹಾಕಿದರು. ದೊಡ್ಡವರು ಹೇಳಿದ ಮೇಲೆ ಮುಗಿಯಿತಲ್ಲ! 1911ರಲ್ಲಿ ಮ್ಯಾಕ್‌ಮನ್ ತೀರಿಕೊಂಡಾಗ ಅವರ ಮಾತನ್ನು ನಂಬಿದವರು ಇಲ್ಲವೆನ್ನುವಷ್ಟು ಕಡಿಮೆ.

ಆಮೇಲೆ ಬಂದವರು ಡೇವಿಡ್ ಕೀಲಿನ್. ಮಾಸ್ಕೋದಲ್ಲಿ ಹುಟ್ಟಿದ ಪೋಲಿಷ್ ಮನುಷ್ಯ, ಕೇಂಬ್ರಿಜ್‌ನಲ್ಲಿ ಕೆಲಸ. ಅವರು ಉಸಿರಾಟದ ಬಗ್ಗೆ ಓದುತ್ತಲೇ ಇರಲಿಲ್ಲ, ಕುದುರೆಯ ಹೊಟ್ಟೆಯಲ್ಲಿ ಬೆಳೆಯುವ ಒಂದು ನೊಣದ ಮರಿಹುಳುವಿನ ಬೆನ್ನು ಹತ್ತಿದ್ದರು. ಆ ಹುಳುವಿನಲ್ಲಿ ಹಿಮೋಗ್ಲೋಬಿನ್ ಇದೆ, ನೊಣವಾಗಿ ಹಾರುವಾಗ ಅದು ಏನಾಗುತ್ತದೆ ಅಂತ ನೋಡಹೊರಟರೆ ನಾಲ್ಕು ಕಪ್ಪು ಗೆರೆ ಕಂಡವು. ಬೇರೆ ಕೀಟಗಳಲ್ಲಿ ನೋಡಿದರೆ ಅಲ್ಲೂ ಅದೇ. ಬ್ರೆಡ್ಡಿಗೆ ಹಾಕುವ ಯೀಸ್ಟಿನಲ್ಲಿ ನೋಡಿದರು, ಅಲ್ಲೂ ಅದೇ! ಯೀಸ್ಟಿನಲ್ಲಿ ರಕ್ತ ಎಲ್ಲಿಂದ ಬರಬೇಕು?

ನನಗೆ ಬಹಳ ಹಿಡಿಸಿದ ಪ್ರಯೋಗ ಇದು. ನೀರಿನಲ್ಲಿ ಕಲಸಿದ ಯೀಸ್ಟನ್ನು ಗಾಳಿಯಲ್ಲಿ ಚೆನ್ನಾಗಿ ಅಲುಗಾಡಿಸಿದರೆ ಗೆರೆಗಳು ಮಾಯ. ಸುಮ್ಮನೆ ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಹಾಜರ್. ಅಲುಗಾಡಿಸಿದಾಗ ಆಮ್ಲಜನಕ ಸಿಕ್ಕಿ ಆ ವಸ್ತು ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ, ಆಮ್ಲಜನಕ ಮುಗಿದಾಗ ಎಲೆಕ್ಟ್ರಾನುಗಳು ಅದರಲ್ಲೇ ತುಂಬಿ ನಿಲ್ಲುತ್ತವೆ. ಸೈನೈಡ್ ಒಂದಿಷ್ಟು ಬೆರೆಸಿದರೆ ಎಷ್ಟೇ ಅಲುಗಾಡಿಸಿದರೂ ಗೆರೆಗಳು ಹೋಗುವುದಿಲ್ಲ. ಜೀವ ಇರುವ ವಸ್ತುವಿನ ಉಸಿರನ್ನು ಕಣ್ಣಿನಲ್ಲೇ ನೋಡಿದ ಹಾಗಾಯಿತಲ್ಲ!

ಕೀಲಿನ್ ಆ ವಸ್ತುವಿಗೆ ಸೈಟೋಕ್ರೋಮ್ ಅಂತ ಹೆಸರಿಟ್ಟು 1925ರಲ್ಲಿ ಪ್ರಬಂಧ ಪ್ರಕಟಿಸಿದರು. ಪ್ರಾಣಿ, ಯೀಸ್ಟ್ ಮತ್ತು ಸಸ್ಯಗಳಿಗೆ ಸಮಾನವಾದ ಉಸಿರಾಟದ ವರ್ಣವಸ್ತು ಅಂತ ಅದರ ತಲೆಬರಹದಲ್ಲೇ ಇದೆ. ಮ್ಯಾಕ್‌ಮನ್ ಹೇಳಿದ್ದು ಸರಿಯಾಗಿತ್ತು ಅಂತಲೂ ಬರೆದರು. ಸತ್ತು 14 ವರ್ಷದ ಮೇಲೆ ಸಿಕ್ಕ ನ್ಯಾಯ.

*

ಈ ಸೈಟೋಕ್ರೋಮುಗಳು ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಸಾಲಾಗಿ ನಿಂತು ಎಲೆಕ್ಟ್ರಾನನ್ನು ಕೈಯಿಂದ ಕೈಗೆ ದಾಟಿಸುತ್ತವೆ. ಇದೇ ಎಲೆಕ್ಟ್ರಾನ್ ಸಾಗಣೆ ಸರಪಳಿ. ಹೆಸರು ಕೇಳಿ ಹೆದರಬೇಡಿ, ನಮ್ಮ ನೇರಳೆ ಮೆಟ್ರೋ ಲೈನ್ ನೆನಪಿಸಿಕೊಳ್ಳಿ ಸಾಕು.

ನಾವು ತಿಂದ ಅನ್ನ, ಮುದ್ದೆ, ಎಣ್ಣೆ ಎಲ್ಲ ಜೀವಕೋಶದಲ್ಲಿ ಒಡೆದು ಕೊನೆಗೆ ಅವುಗಳ ಎಲೆಕ್ಟ್ರಾನುಗಳು ಎನ್‌ಎಡಿಎಚ್ ಅನ್ನುವ ಅಣುವಿನ ಹೆಗಲೇರುತ್ತವೆ. ಎಂ.ಜಿ. ರೋಡಿನಲ್ಲಿ ಹತ್ತಿದ ಪ್ರಯಾಣಿಕರು ಅಂದುಕೊಳ್ಳಿ. ಮೈಟೋಕಾಂಡ್ರಿಯಾದ ಒಳಪೊರೆಯಲ್ಲಿ ಮೊದಲ ದೊಡ್ಡ ನಿಲ್ದಾಣ ಒಂದನೇ ಸಂಕೀರ್ಣ. ಅಲ್ಲಿಂದ ಯುಬಿಕ್ವಿನೋನ್ ಅನ್ನುವ ಎಣ್ಣೆಯಂಥ ಪುಟ್ಟ ಅಣು ಅವರನ್ನು ಎತ್ತಿಕೊಂಡು ಮೂರನೇ ಸಂಕೀರ್ಣಕ್ಕೆ ಬಿಡುತ್ತದೆ. ಅಲ್ಲಿಂದ ಸೈಟೋಕ್ರೋಮ್ ಸಿ ನಾಲ್ಕನೆಯದಕ್ಕೆ ಒಯ್ಯುತ್ತದೆ. ಎರಡನೇ ಸಂಕೀರ್ಣ ಎಲ್ಲಿ ಹೋಯ್ತು ಅಂದಿರಾ? ಅದು ಪಕ್ಕದ ಬಡಾವಣೆಯಿಂದ ಜನರನ್ನು ತಂದು ಯುಬಿಕ್ವಿನೋನ್ ಹತ್ತಿರ ಇಳಿಸುವ ಫೀಡರ್ ಬಸ್ಸು. ನಾಲ್ಕನೇ ಸಂಕೀರ್ಣವೇ ಸೈಟೋಕ್ರೋಮ್ ಆಕ್ಸಿಡೇಸ್. ಅಲ್ಲಿ ಆಮ್ಲಜನಕ ಕಾದಿರುತ್ತದೆ. ನಾಲ್ಕು ಎಲೆಕ್ಟ್ರಾನು, ನಾಲ್ಕು ಪ್ರೋಟಾನು, ಒಂದು ಆಮ್ಲಜನಕದ ಅಣು ಸೇರಿದರೆ ಎರಡು ನೀರಿನ ಅಣು. ಪ್ರಯಾಣ ಮುಗಿಯಿತು.

ಹುಡುಗನಿಗೆ ಉತ್ತರ ಇದೇ. ನಾವು ಎಳೆದುಕೊಳ್ಳುವ ಆಮ್ಲಜನಕದ ಸುಮಾರು 90 ಪಾಲು ಹೋಗುವುದು ಈ ಕೊನೆಯ ನಿಲ್ದಾಣಕ್ಕೆ. ಆಮ್ಲಜನಕ ಅನ್ನವೂ ಅಲ್ಲ, ಔಷಧವೂ ಅಲ್ಲ. ಅದು ಹೊರಗೆ ಹೋಗುವ ಬಾಗಿಲು.

2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡ್ ಕಡೆಗೆ ಮೆಟ್ರೋ ಶುರುವಾಯಿತು, ಆದರೆ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದವರೆಗಿನ ತುಂಡು ಜೋಡಿಸಿದ್ದು ಅಕ್ಟೋಬರ್ 9ಕ್ಕೆ. ಆ ಆರು ತಿಂಗಳು ಬೈಯಪ್ಪನಹಳ್ಳಿಯಲ್ಲಿ ಇಳಿದು ಬಸ್ಸಿಗೆ ಪರದಾಡಿದವರಿಗೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ. ಆದರೆ ಜೀವಕೋಶದಲ್ಲಿ ಆ ಬಸ್ಸೂ ಇಲ್ಲ ಅಂದುಕೊಳ್ಳಿ. ಕೊನೆಯ ಬಾಗಿಲು ಮುಚ್ಚಿದರೆ ಪ್ಲಾಟ್‌ಫಾರಂ ತುಂಬುತ್ತದೆ, ಹಿಂದಿನ ನಿಲ್ದಾಣವೂ ತುಂಬುತ್ತದೆ, ಕೊನೆಗೆ ಎಂ.ಜಿ. ರೋಡಿನಲ್ಲಿ ಹತ್ತುವುದಕ್ಕೇ ಜಾಗ ಇರುವುದಿಲ್ಲ. ಹೊಟ್ಟೆ ತುಂಬಾ ಊಟ ಇದ್ದರೂ ಜೀವಕೋಶ ಉಪವಾಸ. ಸೈನೈಡ್ ಕೊಲ್ಲುವುದು ಹೀಗೆ, ಆಮ್ಲಜನಕ ಇದ್ದರೂ ಬಾಗಿಲಿಗೆ ಬೀಗ ಜಡಿದುಬಿಡುತ್ತದೆ. ಕೆರೆಯ ಮೀನು ಸತ್ತದ್ದು ಬಾಗಿಲ ಹತ್ತಿರ ಆಮ್ಲಜನಕವೇ ಇಲ್ಲದೆ. ಎರಡರ ಫಲವೂ ಒಂದೇ.

*

ಹೀಗೆ ಎಲೆಕ್ಟ್ರಾನು ಸಾಗಿದರೆ ನಮಗೇನು ಲಾಭ? ಮೊದಲಿಂದ ಕೊನೆಗೆ ಅದು ಇಳಿಯುವ ಎತ್ತರ ಸುಮಾರು 1.1 ವೋಲ್ಟ್, ಒಂದು ಟಾರ್ಚ್ ಸೆಲ್ಲಿಗಿಂತ ಕಡಿಮೆ. ಈ ಇಳಿತದಿಂದ ಎಟಿಪಿ ಅನ್ನುವ ಶಕ್ತಿಯ ನಾಣ್ಯ ತಯಾರಾಗುತ್ತದೆ ಅನ್ನುವುದು 1940ರ ದಶಕದ ಹೊತ್ತಿಗೆ ಗೊತ್ತಿತ್ತು. ಹೇಗೆ ಅಂತ ಗೊತ್ತಿರಲಿಲ್ಲ. ಎರಡರ ನಡುವೆ ಯಾವುದೋ ರಾಸಾಯನಿಕ ವಸ್ತು ಇರಬೇಕು ಅಂತ ಎಲ್ಲರೂ ಹುಡುಕಿದರು. ಅದು ಸಿಗಲೇ ಇಲ್ಲ.

1961ರಲ್ಲಿ ಪೀಟರ್ ಮಿಚೆಲ್ ಅನ್ನುವ ಇಂಗ್ಲಿಷ್ ವಿಜ್ಞಾನಿ, ಅಂಥ ವಸ್ತುವೇ ಇಲ್ಲ, ಅಲ್ಲಿರುವುದು ಅಣೆಕಟ್ಟು ಅಂದರು! ನಮ್ಮ ಊರಿನ ಉದಾಹರಣೆಯಲ್ಲೇ ಹೇಳುತ್ತೇನೆ. ಶಿವನಸಮುದ್ರದ ನೀರಿನಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು, 1905ರಲ್ಲಿ ಬೆಂಗಳೂರಿನ ದೀಪ ಹತ್ತಿತು. ಅಲ್ಲಿ ನೀರು ಎತ್ತರದಿಂದ ಬಿದ್ದು ಚಕ್ರ ತಿರುಗಿಸುತ್ತದೆ. ಮೈಟೋಕಾಂಡ್ರಿಯಾದಲ್ಲಿ ಎಲೆಕ್ಟ್ರಾನು ಒಂದು, ಮೂರು ಮತ್ತು ನಾಲ್ಕನೇ ಸಂಕೀರ್ಣಗಳನ್ನು ದಾಟುವಾಗ ಆ ಶಕ್ತಿಯಿಂದ ಪ್ರೋಟಾನುಗಳು ಪೊರೆಯ ಆಚೆಗೆ ಪಂಪ್ ಆಗುತ್ತವೆ. ಪೊರೆಯೇ ಕಟ್ಟೆ, ಪ್ರೋಟಾನುಗಳೇ ನೀರು. ಅವು ವಾಪಸ್ ಬರುವುದಕ್ಕೆ ಇರುವ ತೂಬು ಎಟಿಪಿ ಸಿಂಥೇಸ್, ಅದು ನಿಜಕ್ಕೂ ತಿರುಗುವ ಒಂದು ಚಕ್ರ. ಪೊರೆಯ ಎರಡೂ ಬದಿಯ ನಡುವೆ ಇರುವುದು ಸುಮಾರು 0.15 ವೋಲ್ಟ್ ಮಾತ್ರ. ಆದರೆ ಪೊರೆ ಎಷ್ಟು ತೆಳುವೆಂದರೆ, ಲೆಕ್ಕ ಹಾಕಿದರೆ ಒಂದು ಮೀಟರಿಗೆ 2.5 ಕೋಟಿ ವೋಲ್ಟ್ ಬರುತ್ತದೆ. ಗಾಳಿಯಲ್ಲಿ ಕಿಡಿ ಹಾರುವುದಕ್ಕೆ ಮೀಟರಿಗೆ 30 ಲಕ್ಷ ಸಾಕು.

ಮಿಚೆಲ್ಲರನ್ನು ನಂಬಿದವರು ಮೊದಲು ಕಡಿಮೆ. ಅವರು ಕಾರ್ನ್‌ವಾಲ್‌ನಲ್ಲಿ ಒಂದು ಹಳೆಯ ಬಂಗಲೆ ರಿಪೇರಿ ಮಾಡಿಸಿ ಅಲ್ಲೇ ಪ್ರಯೋಗಾಲಯ ಮಾಡಿಕೊಂಡರು. 1966ರಲ್ಲಿ ಅಮೆರಿಕದ ಜಾಗೆಂಡಾರ್ಫ್ ಮತ್ತು ಉರಿಬೆ ಪಾಲಕ್ ಸೊಪ್ಪಿನ ಕ್ಲೋರೋಪ್ಲಾಸ್ಟುಗಳನ್ನು ಕತ್ತಲಲ್ಲಿ ಹುಳಿ ನೀರಿನಲ್ಲಿ ನೆನೆಸಿ, ತಟ್ಟನೆ ಹುಳಿಯಿಲ್ಲದ ನೀರಿಗೆ ಹಾಕಿದರು. ಬೆಳಕೇ ಇಲ್ಲದೆ ಎಟಿಪಿ ಹುಟ್ಟಿತು! ಪ್ರೋಟಾನಿನ ಎತ್ತರ ಒಂದಿದ್ದರೆ ಸಾಕು ಅಂತ ಸಾಬೀತಾಯಿತು. 1978ರಲ್ಲಿ ಮಿಚೆಲ್ಲರಿಗೆ ನೊಬೆಲ್ ಬಂತು. ತಮ್ಮ ನೊಬೆಲ್ ಉಪನ್ಯಾಸದ ಶೀರ್ಷಿಕೆಯಲ್ಲೇ ಅವರು ಕೀಲಿನ್ ಹೆಸರು ಹಾಕಿದರು. ಮ್ಯಾಕ್‌ಮನ್, ಕೀಲಿನ್, ಮಿಚೆಲ್. ಇದೂ ಒಂದು ಸರಪಳಿಯೇ ಅಲ್ಲವೇ?

*

ಪಾಲಕ್ ಸೊಪ್ಪಿನ ಮಾತು ಬಂತಲ್ಲ, ಗಿಡಗಳ ವಿಷಯಕ್ಕೆ ಬರೋಣ. ಪ್ರಾಣಿ ಉಸಿರಾಡುತ್ತದೆ, ಗಿಡ ಆಮ್ಲಜನಕ ಕೊಡುತ್ತದೆ ಅಂತ ಶಾಲೆಯಲ್ಲಿ ಓದಿ, ಗಿಡ ಉಸಿರಾಡುವುದೇ ಇಲ್ಲ ಅಂತ ನಂಬಿದವರಲ್ಲಿ ನಾನೂ ಒಬ್ಬ. ತಪ್ಪು. ಗಿಡದ ಜೀವಕೋಶದಲ್ಲಿ ಎರಡು ಸರಪಳಿ ಇವೆ.

ಒಂದು ಮೈಟೋಕಾಂಡ್ರಿಯಾದ್ದು, ನಮ್ಮದರಂತೆಯೇ, ಹಗಲೂ ರಾತ್ರಿ ನಡೆಯುತ್ತದೆ. ಇನ್ನೊಂದು ಕ್ಲೋರೋಪ್ಲಾಸ್ಟಿನದು, ಬೆಳಕಿದ್ದಾಗ ಮಾತ್ರ. ಇಲ್ಲಿ ಪ್ರಯಾಣ ಉಲ್ಟಾ. ನೀರು ಒಡೆದು ಎಲೆಕ್ಟ್ರಾನು ಹೊರಬರುತ್ತದೆ, ಆಮ್ಲಜನಕ ಬಿಡುಗಡೆಯಾಗುತ್ತದೆ. ಬಿಸಿಲು ಆ ಎಲೆಕ್ಟ್ರಾನನ್ನು ಎರಡು ಸಲ ಮೇಲಕ್ಕೆತ್ತುತ್ತದೆ, ನಡುವೆ ಇಳಿಯುವಾಗ ಪ್ರೋಟಾನು ಪಂಪ್ ಆಗುತ್ತದೆ, ಕೊನೆಗೆ ಅದು ಸಕ್ಕರೆ ಕಟ್ಟುವ ಕೆಲಸಕ್ಕೆ ಸೇರುತ್ತದೆ. ಈ ಎರಡು ಮೆಟ್ಟಿಲಿನ ಚಿತ್ರವನ್ನು 1960ರಲ್ಲಿ ಬರೆದವರಲ್ಲಿ ಮುಖ್ಯರು ರಾಬಿನ್ ಹಿಲ್. ಕೀಲಿನ್ ಜೊತೆ ಕೆಲಸ ಮಾಡಿದವರೇ! ಎಲೆಯಲ್ಲೂ ಒಂದು ಸೈಟೋಕ್ರೋಮ್ ಇದೆ ಅಂತ ಕಂಡುಹಿಡಿದವರೂ ಅವರೇ.

ಗಿಡಗಳ ಹತ್ತಿರ ಇನ್ನೊಂದು ಅಡ್ಡದಾರಿ ಇದೆ. ಯುಬಿಕ್ವಿನೋನಿನಿಂದಲೇ ಎಲೆಕ್ಟ್ರಾನನ್ನು ಸೀದಾ ಆಮ್ಲಜನಕಕ್ಕೆ ಕೊಡುವ ಬೇರೆ ಬಾಗಿಲು. ಇದಕ್ಕೆ ಸೈನೈಡ್ ನಾಟುವುದಿಲ್ಲ. ಎಳೆ ಜೋಳದ ಪೈರು ಮೇಯ್ದ ದನ ಸಾಯುವುದು ನಮ್ಮ ರೈತರಿಗೆ ಗೊತ್ತಿರುವ ವಿಷಯ, ಅದರಿಂದ ಹೊರಡುವುದು ಸೈನೈಡೇ. ಈ ಅಡ್ಡದಾರಿಯಲ್ಲಿ ಎಟಿಪಿ ಕಡಿಮೆ ಹುಟ್ಟುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಸುವರ್ಣಗೆಡ್ಡೆಯ ಕುಟುಂಬದ ಆರಮ್ ಗಿಡಗಳು ಈ ಬಿಸಿಯಿಂದ ತಮ್ಮ ಹೂವನ್ನು ಕಾಯಿಸಿ, ಗಬ್ಬು ವಾಸನೆ ಹರಡಿ ಕೀಟಗಳನ್ನು ಕರೆಯುತ್ತವೆ.

ಈಗ ಕೆರೆಯ ಹಸಿರು ನೀರನ್ನು ನೋಡಿ. ಆ ಹಸಿರು ಅಂದರೆ ಕೋಟ್ಯಂತರ ಪಾಚಿಯ ಕೋಶಗಳು. ಹಗಲು ಅವುಗಳ ಕ್ಲೋರೋಪ್ಲಾಸ್ಟು ನೀರಿಗೆ ಆಮ್ಲಜನಕ ತುಂಬುತ್ತದೆ. ರಾತ್ರಿ ಅದು ಬಂದ್, ಮೈಟೋಕಾಂಡ್ರಿಯಾ ಮಾತ್ರ ಚಾಲೂ. ಬೆಳಗಿನ ಜಾವದ ಹೊತ್ತಿಗೆ ಆಮ್ಲಜನಕ ತಳ ಮುಟ್ಟುತ್ತದೆ. ಇಂಥ ಕೆರೆಗಳಲ್ಲಿ ಮೀನುಗಳು ಮುಂಜಾನೆ ಬಾಯಿ ತೆರೆದು ಮೇಲ್ಮೈಗೆ ಬರುವುದು ಇದಕ್ಕೇ. ಕೊಳಚೆಯ ಸಾರಜನಕ, ರಂಜಕ ಸಿಕ್ಕಿದಷ್ಟೂ ಪಾಚಿ ಹೆಚ್ಚು, ಪಾಚಿ ಹೆಚ್ಚಿದಷ್ಟೂ ರಾತ್ರಿ ಕಷ್ಟ.

ಕೊಳಚೆಯ ಲೆಕ್ಕ ಇನ್ನೂ ಕಠೋರ. ನಮ್ಮ ಊರಿನ ಎತ್ತರದಲ್ಲಿ, 25 ಡಿಗ್ರಿಯಲ್ಲಿ, ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ ಏಳೂವರೆ ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಮೀನು ಬದುಕಿ ಬೆಳೆಯಲು ಕನಿಷ್ಠ 4 ಬೇಕು ಅನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಮನೆಗಳ ಒಂದು ಲೀಟರ್ ಕೊಳಚೆಯನ್ನು ಬ್ಯಾಕ್ಟೀರಿಯಾಗಳು ತಿಂದು ಮುಗಿಸಲು ಸುಮಾರು 250 ಮಿಲಿಗ್ರಾಂ ಆಮ್ಲಜನಕ ಬೇಕು ಅಂತಿಟ್ಟುಕೊಳ್ಳಿ. ಒಂದು ಲೀಟರ್ ಕೊಳಚೆ 30ಕ್ಕೂ ಹೆಚ್ಚು ಲೀಟರ್ ಒಳ್ಳೆ ನೀರಿನ ಉಸಿರನ್ನು ನುಂಗುತ್ತದೆ. ಕೊಳಚೆ ಅಂದರೆ ಬಾಗಿಲಿಗಾಗಿ ಕಾಯುತ್ತಿರುವ ಎಲೆಕ್ಟ್ರಾನುಗಳ ದೊಡ್ಡ ಕ್ಯೂ, ಅಷ್ಟೇ.

*

ಈಗ ನಾನು ಹೇಳಬೇಕೆಂದಿದ್ದ ಬೆಂಗಳೂರಿನ ಕಥೆ.

ಗಿಲ್ಬರ್ಟ್ ಫೌಲರ್ ಅಂತ ಮ್ಯಾಂಚೆಸ್ಟರಿನ ರಸಾಯನಶಾಸ್ತ್ರಜ್ಞ. 1912ರಲ್ಲಿ ನ್ಯೂಯಾರ್ಕ್ ಬಂದರಿನ ಕೊಳಚೆಯ ವಿಷಯಕ್ಕೆ ಅಮೆರಿಕಕ್ಕೆ ಹೋದಾಗ ಮ್ಯಾಸಚೂಸೆಟ್ಸಿನ ಲಾರೆನ್ಸ್ ಪ್ರಯೋಗ ಕೇಂದ್ರದಲ್ಲಿ ಬಾಟಲಿಗಳಲ್ಲಿ ಕೊಳಚೆಗೆ ಗಾಳಿ ಊದಿ ತಿಳಿಯಾಗಿಸುವುದನ್ನು ನೋಡಿದರು. ವಾಪಸ್ ಬಂದು ಆರ್ಡರ್ನ್ ಮತ್ತು ಲಾಕೆಟ್ ಅನ್ನುವ ಇಬ್ಬರಿಗೆ ಹೇಳಿದರು. ಅವರು ಗಾಳಿ ಊದಿದಾಗ ಮೊದಲ ಸಲ ಪೂರ್ತಿ ಶುದ್ಧವಾಗಲು ಸುಮಾರು ಐದು ವಾರ ಹಿಡಿಯಿತು. ಆದರೆ ತಳದಲ್ಲಿ ಕೂತ ಕೆಸರನ್ನು ಚೆಲ್ಲದೆ, ಅದರ ಮೇಲೆಯೇ ಹೊಸ ಕೊಳಚೆ ಹಾಕಿ ಮತ್ತೆ ಊದಿದರು. ಹೀಗೆ ಮಾಡುತ್ತಾ ಹೋದ ಹಾಗೆ ವಾರಗಳ ಕೆಲಸ 24 ಗಂಟೆಯೊಳಗೆ ಮುಗಿಯತೊಡಗಿತು. ಕೆಸರು ಅಂದರೆ ಬ್ಯಾಕ್ಟೀರಿಯಾಗಳ ಹಿಂಡು, ಪ್ರತಿಯೊಂದಕ್ಕೂ ಅದರದೇ ಎಲೆಕ್ಟ್ರಾನ್ ಸರಪಳಿ. 1914ರ ಏಪ್ರಿಲ್ 3ರಂದು ಇದನ್ನು ಸಭೆಯ ಮುಂದಿಟ್ಟರು. ಇಂದು ಜಗತ್ತಿನ ಬಹುಪಾಲು ದೊಡ್ಡ ಊರುಗಳ ಕೊಳಚೆ ಶುದ್ಧವಾಗುವುದು ಈ ದಾರಿಯಲ್ಲೇ. ಕೀಲಿನ್ ಸೈಟೋಕ್ರೋಮ್ ನೋಡುವುದಕ್ಕೆ 11 ವರ್ಷ ಮೊದಲೇ, ಒಳಗೆ ಏನು ನಡೆಯುತ್ತಿದೆ ಅಂತ ಗೊತ್ತಿಲ್ಲದೆ, ಬಾಗಿಲು ತೆರೆದಿಡುವ ಉಪಾಯ ಕಂಡುಕೊಂಡಿದ್ದರು.

1916ರಲ್ಲಿ ಫೌಲರ್ ಎಲ್ಲಿಗೆ ಬಂದರು? ಬೆಂಗಳೂರಿಗೆ! ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಪ್ರೊಫೆಸರ್ ಆಗಿ. 1924ರವರೆಗೆ ಇದ್ದರು. 1921ರಲ್ಲಿ ಅಲ್ಲಿ ಜೀವರಸಾಯನ ವಿಭಾಗ ಶುರುವಾದದ್ದು ಅವರ ಕೈಕೆಳಗೆ. ಕೊಳಚೆಯಲ್ಲಿರುವ ಸಾರಜನಕವನ್ನು ಹೊಲಕ್ಕೆ ಉಳಿಸುವುದು ಹೇಗೆ ಅನ್ನುವುದು ಅವರ ಮುಖ್ಯ ಚಿಂತೆ. ಅವರ ನಂತರ ಅದೇ ವಿಭಾಗದ ವಿ. ಸುಬ್ರಹ್ಮಣ್ಯನ್ ಮತ್ತು ಎಸ್.ಸಿ. ಪಿಳ್ಳೈ 1942ರಲ್ಲಿ 'ನೇಚರ್' ಪತ್ರಿಕೆಯಲ್ಲಿ, ಈ ಕೆಸರಿನಲ್ಲಿ ಬ್ಯಾಕ್ಟೀರಿಯಾ ಮಾತ್ರವಲ್ಲ, ಪ್ರೋಟೋಜೋವಾಗಳೂ ಮುಖ್ಯ ಕೆಲಸಗಾರರು ಅಂತ ಬರೆದರು. ಸುಬ್ರಹ್ಮಣ್ಯನ್ ಮುಂದೆ ಮೈಸೂರಿನ ಸಿಎಫ್‌ಟಿಆರ್‌ಐ ಕಟ್ಟಿದವರು. 1960ರ ದಶಕದಲ್ಲಿ ಅದೇ ವಿಭಾಗದ ಟಿ. ರಾಮಶರ್ಮ ಮತ್ತು ಅವರ ವಿದ್ಯಾರ್ಥಿಗಳು ಯುಬಿಕ್ವಿನೋನ್ ಹಿಂದೆ ಬಿದ್ದರು. ಚಳಿಯಲ್ಲಿಟ್ಟ ಇಲಿಗಳ ಯಕೃತ್ತಿನಲ್ಲಿ ಅದರ ಪ್ರಮಾಣ ಬದಲಾಗುವುದನ್ನು ಅಳೆದರು.

ಅಂದರೆ ಕೊಳಚೆಗೆ ಉಸಿರು ಕೊಡುವ ವಿದ್ಯೆ ಬೆಂಗಳೂರಿಗೆ ಬಂದು ನೂರು ವರ್ಷ ತುಂಬಿದ ವರ್ಷ ಯಾವುದು? 2016. ಹಲಸೂರು ಕೆರೆಯ ಮೀನುಗಳು ಸತ್ತ ಅದೇ ವರ್ಷ.

ಈ ಲೆಕ್ಕ ಕಣ್ಣಿಗೆ ಬಿದ್ದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

*

ಆಮ್ಲಜನಕ ಮುಗಿದ ಮೇಲೂ ಬ್ಯಾಕ್ಟೀರಿಯಾಗಳು ಸಾಯುವುದಿಲ್ಲ. ಅವು ಬೇರೆ ಬಾಗಿಲು ಹುಡುಕುತ್ತವೆ. ಮೊದಲು ನೈಟ್ರೇಟ್, ಅದು ಮುಗಿದರೆ ಸಲ್ಫೇಟ್, ಕೊನೆಗೆ ಇಂಗಾಲಾಮ್ಲವನ್ನೇ ಹಿಡಿದು ಮೀಥೇನ್ ಮಾಡುವ ಸೂಕ್ಷ್ಮಜೀವಿಗಳೂ ಇವೆ. ಎಲೆಕ್ಟ್ರಾನು ಸಲ್ಫೇಟಿಗೆ ಹೋದಾಗ ಹುಟ್ಟುವುದು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ವಾಸನೆ. ಇಂದಿರಾನಗರದಿಂದ ದೊಮ್ಮಲೂರಿನ ಕಡೆ ರಾಜಕಾಲುವೆಯ ಪಕ್ಕ ಮೂಗು ಮುಚ್ಚಿಕೊಂಡು ಹೋಗುತ್ತೇವಲ್ಲ, ಆ ವಾಸನೆ ಅಂದರೆ ಇಲ್ಲಿ ಆಮ್ಲಜನಕ ಮುಗಿದಿದೆ ಅನ್ನುವ ಬೋರ್ಡು.

ಈ ಅನಿಲ ಬರೀ ವಾಸನೆಯಲ್ಲ. ಸೈನೈಡಿನ ಹಾಗೆಯೇ ಇದೂ ನಾಲ್ಕನೇ ಸಂಕೀರ್ಣಕ್ಕೆ ಬೀಗ ಹಾಕುತ್ತದೆ. ಮ್ಯಾನ್‌ಹೋಲಿಗೆ ಇಳಿದ ಮನುಷ್ಯ ಕ್ಷಣದಲ್ಲಿ ಕುಸಿದು, ಅವನನ್ನು ಎತ್ತಲು ಇಳಿದವನೂ ಕುಸಿದ ಸುದ್ದಿ ನಾವು ಎಷ್ಟು ಸಲ ಓದಿಲ್ಲ? ಮನುಷ್ಯರನ್ನು ಹಾಗೆ ಇಳಿಸಬಾರದು ಅಂತ 2013ರಲ್ಲೇ ಕಾನೂನು ಬಂದಿದೆ. ಮೀನಿನ ಸಾವೂ, ಆ ಮನುಷ್ಯನ ಸಾವೂ ಒಂದೇ ಬಾಗಿಲಿನಲ್ಲಿ ಆಗುವ ಸಾವು. ಹುಡುಗನಿಗೆ ಈ ಭಾಗ ಹೇಳಲು ನನಗೆ ಬಾಯಿ ಬರಲಿಲ್ಲ.

ಹಲಸೂರು ಕೆರೆಯ ಕೋಡಿಯ ನೀರು ರಾಜಕಾಲುವೆಯಲ್ಲಿ ಹರಿದು ಬೆಳ್ಳಂದೂರಿಗೆ ಹೋಗುತ್ತದೆ, ಅಲ್ಲಿಂದ ವರ್ತೂರು, ಮುಂದೆ ದಕ್ಷಿಣ ಪಿನಾಕಿನಿ. 2015ರಿಂದ 2018ರ ನಡುವೆ ಬೆಳ್ಳಂದೂರು ಕೆರೆ ನೊರೆ ಕಾರಿದ್ದು, ಹೊತ್ತಿ ಉರಿದದ್ದು ಜಗತ್ತೇ ನೋಡಿತು. 2018ರ ಜೂನ್‌ನಲ್ಲಿ ಇದೇ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಕಳಿಸುವ ಕೆ.ಸಿ. ವ್ಯಾಲಿ ಯೋಜನೆ ಶುರುವಾಯಿತು. ಗುರಿ ದಿನಕ್ಕೆ 44 ಕೋಟಿ ಲೀಟರ್. ಎರಡನೇ ಹಂತದ ಶುದ್ಧೀಕರಣ ಸಾಕೇ, ಮೂರನೇ ಹಂತವೂ ಬೇಕೇ ಅನ್ನುವ ತಕರಾರು ಕೋರ್ಟಿನವರೆಗೂ ಹೋಗಿದೆ. ನಾವು ಬಿಟ್ಟದ್ದನ್ನು ಕೋಲಾರದವರು ಪಡೆಯುವಾಗ ಅವರು ಕೇಳುವುದು ನ್ಯಾಯವೇ. ಆದರೆ ಆ ಎರಡನೇ ಹಂತ ಅಂದರೆ ಫೌಲರ್ ತಂದ ಅದೇ ಉಪಾಯ, ಕೆಸರಿಗೆ ಗಾಳಿ ಊದುವುದು. ಗಾಳಿ ಊದುವ ಮೋಟಾರು ನಿಂತರೆ, ಕೊಳಚೆ ಘಟಕಕ್ಕೆ ಬರದೆ ಮಳೆನೀರಿನ ಕಾಲುವೆ ಸೇರಿದರೆ, ಅದನ್ನು ಕೆರೆಯೇ ಮಾಡಬೇಕು. ಕೆರೆಯ ಹತ್ತಿರ ಇರುವುದು ಲೀಟರಿಗೆ ಏಳೂವರೆ ಮಿಲಿಗ್ರಾಂ ಮಾತ್ರ.

ನಿನ್ನೆ ಹುಡುಗ ಸಿಕ್ಕಿದ್ದ. ಮೆಟ್ರೋ ಕಥೆ ಹೇಳಿದೆ, ಯೀಸ್ಟ್ ಅಲುಗಾಡಿಸುವ ಕಥೆ ಹೇಳಿದೆ, ಖುಷಿಪಟ್ಟ. ಆಮೇಲೆ ಕೆರೆ ಕಡೆ ನೋಡುತ್ತಾ ಕೇಳಿದ, "ಅಂಕಲ್, ನೂರು ವರ್ಷದಿಂದ ಗೊತ್ತಿದ್ರೆ ಯಾಕೆ ಮಾಡಲಿಲ್ಲ?"

ಇದಕ್ಕೆ ಯಾವ ಪುಸ್ತಕ ತೆಗೆಯಬೇಕು ಅಂತ ನನಗೆ ಗೊತ್ತಿಲ್ಲ. ನಿಮ್ಮ ಊರಿನ ಕೆರೆಗೆ ಯಾವ ಕಾಲುವೆ ಬಂದು ಸೇರುತ್ತದೆ ಅಂತ ಒಂದು ಸಲ ಅದರ ಜೊತೆ ನಡೆದು ನೋಡಿ. ಬೆಳಗಿನ ಜಾವ ಹೋದರೆ ಒಳ್ಳೆಯದು, ಆ ಹೊತ್ತಿನಲ್ಲೇ ಕೆರೆಯ ಉಸಿರು ಎಷ್ಟಿದೆ ಅಂತ ಗೊತ್ತಾಗುವುದು.